ಫೋನಿನಲ್ಲಿ ಓಪನ್ ಸೋರ್ಸ್ ಮ್ಯಾಪ್: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕೈದು ವರ್ಷದಿಂದ ನನ್ನ ಫೋನಿನಲ್ಲಿ ಎರಡು ಮೂರು ಓಪನ್ ಸೋರ್ಸ್ ಮ್ಯಾಪ್ ಆಪ್‌ಗಳಿವೆ. ಗೆಳೆಯರು, ನೆಂಟರು, ಆಫೀಸಿನವರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟರೆ ವಾಸಿ ಅನ್ನಿಸಿತು. ಈ ಮ್ಯಾಪ್ ಮೇಲೆ ನನಗೆ ಪ್ರೀತಿ ಇದೆ. ಆದರೆ ಅದು ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದನ್ನು ಮುಚ್ಚಿಟ್ಟಿಲ್ಲ.

ಓಪನ್ ಸೋರ್ಸ್ ಮ್ಯಾಪ್ ಆಪ್ ಅಂದರೆ ಏನು?

ಇಲ್ಲಿ ಎರಡು ಸಂಗತಿ ಇವೆ. ಒಂದು ಆಪ್, ಇನ್ನೊಂದು ಅದರೊಳಗಿನ ನಕ್ಷೆ. ಆಪ್‌ನ ಕೋಡ್ ಎಲ್ಲರಿಗೂ ತೆರೆದಿದ್ದರೆ ಅದು ಓಪನ್ ಸೋರ್ಸ್. ಯಾರು ಬೇಕಾದರೂ ಅದನ್ನು ಓದಬಹುದು, ಬದಲಿಸಬಹುದು, ಬದಲಿಸಿದ್ದನ್ನು ಹಂಚಬಹುದು.

ಒಳಗಿನ ನಕ್ಷೆ ಬರುವುದು ಹೆಚ್ಚಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಇದನ್ನು 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದರು. ವಿಕಿಪೀಡಿಯಾವನ್ನು ಜನ ಬರೆಯುತ್ತಾರಲ್ಲ, ಹಾಗೇ ಇದನ್ನು ಜನ ಬಿಡಿಸುತ್ತಾರೆ. ಬೀದಿ, ಅಂಗಡಿ, ಕೆರೆ, ಬಸ್ ಸ್ಟಾಪ್, ಮರ, ಬೆಂಚು, ಎಲ್ಲ.

ಕೆಲವು ಆಪ್‌ಗಳು ಈ ನಕ್ಷೆಯನ್ನು ಬಳಸುತ್ತವೆ, ಆದರೆ ತಮ್ಮ ಕೋಡ್ ತೆರೆದಿಟ್ಟಿಲ್ಲ. ಮ್ಯಾಜಿಕ್ ಅರ್ಥ್ ಅಂಥದ್ದು. ಜನ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿದೆ.

ಯಾವ ಆಪ್ ಹಾಕಿಕೊಳ್ಳಲಿ?

ಹೊಸಬರಾದರೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಕೋಮ್ಯಾಪ್ಸ್. ಎರಡೂ ನೋಡಲು ಸರಳ, ಬೇಗ ತೆರೆಯುತ್ತವೆ, ಜಾಹೀರಾತು ಇಲ್ಲ. ಆಂಡ್ರಾಯ್ಡ್‌ಗೂ ಇವೆ, ಐಫೋನಿಗೂ ಇವೆ.

ಎಲ್ಲವೂ ನನ್ನ ಕೈಯಲ್ಲೇ ಇರಬೇಕು ಅನ್ನುವವರಿಗೆ ಓಸ್ಮ್ಯಾಂಡ್. 2010ರಿಂದ ಇರುವ ಆಪ್. ಅದರಲ್ಲಿ ಇಲ್ಲದ್ದೇ ಇಲ್ಲ. ತೊಂದರೆ ಏನೆಂದರೆ, ಮೆನು ಒಳಗೆ ಮೆನು, ಅದರೊಳಗೆ ಇನ್ನೊಂದು ಮೆನು. ಮೊದಲ ವಾರ ತಲೆ ಕೆಡುತ್ತದೆ. ಹಳೆಯ ಫೋನಿನಲ್ಲಿ ನಿಧಾನವೂ ಹೌದು. ಪ್ಲೇ ಸ್ಟೋರ್‌ನ ಉಚಿತ ಆವೃತ್ತಿಯಲ್ಲಿ ಡೌನ್‌ಲೋಡ್‌ಗೆ ಮಿತಿ ಇದೆ. ಎಫ್-ಡ್ರಾಯ್ಡ್ ಅನ್ನುವ ಓಪನ್ ಸೋರ್ಸ್ ಆಪ್ ಅಂಗಡಿಯಿಂದ ಹಾಕಿಕೊಂಡರೆ ಆ ಮಿತಿ ಇಲ್ಲ.

ನನ್ನ ಸಲಹೆ: ಮೊದಲು ಆರ್ಗ್ಯಾನಿಕ್ ಅಥವಾ ಕೋಮ್ಯಾಪ್ಸ್ ಹಾಕಿ ಒಂದು ತಿಂಗಳು ಓಡಾಡಿ. ಏನೋ ಕಮ್ಮಿ ಅನ್ನಿಸಿದರೆ ಓಸ್ಮ್ಯಾಂಡ್ ಕಡೆ ಹೋಗಿ.

ಹಾಗಾದರೆ ಗೂಗಲ್ ಮ್ಯಾಪ್ಸ್ ತೆಗೆದುಹಾಕಬೇಕಾ?

ಬೇಡ. ನಾನೂ ತೆಗೆದಿಲ್ಲ. ಯಾವುದು ಯಾವುದಕ್ಕೆ ಅಂತ ಗೊತ್ತಿದ್ದರೆ ಸಾಕು.

ಟ್ರಾಫಿಕ್ ತೋರಿಸುತ್ತದಾ?

ಇಲ್ಲ. ಬೆಂಗಳೂರಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಕೊರತೆ. ಆಪ್ ರಸ್ತೆಯ ಜಾತಿ ನೋಡುತ್ತದೆ, ವೇಗದ ಮಿತಿ ನೋಡುತ್ತದೆ, ದೂರ ನೋಡಿ ಭಾಗಿಸುತ್ತದೆ. ಅಷ್ಟೇ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ರಾತ್ರಿ ಎರಡು ಗಂಟೆಗೆ ಎಷ್ಟು ನಿಮಿಷ ಹೇಳುತ್ತದೋ, ಶುಕ್ರವಾರ ಸಂಜೆ ಆರಕ್ಕೂ ಅಷ್ಟೇ ಹೇಳುತ್ತದೆ. ಅದನ್ನು ನಂಬಿ ವಿಮಾನ ಹಿಡಿಯಲು ಹೊರಟರೆ ವಿಮಾನ ಸಿಗಲ್ಲ.

ಯಾಕೆ ತೋರಿಸಲ್ಲ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ದೊಡ್ಡ ಕಂಪನಿಗಳ ಮ್ಯಾಪಿನಲ್ಲಿ ಆ ಕೆಂಪು ಗೆರೆ ಎಲ್ಲಿಂದ ಬರುತ್ತದೆ? ಜಾಮ್‌ನಲ್ಲಿ ನಿಂತಿರುವ ಸಾವಿರಾರು ಜನರ ಫೋನಿನಿಂದ. ಪ್ರತಿ ಫೋನೂ ನಾನಿಲ್ಲಿದ್ದೇನೆ, ಇಷ್ಟು ವೇಗದಲ್ಲಿದ್ದೇನೆ ಅಂತ ಕಂಪನಿಗೆ ಹೇಳುತ್ತಲೇ ಇರುತ್ತದೆ. ಓಪನ್ ಸೋರ್ಸ್ ಆಪ್‌ಗಳು ಹಾಗೆ ನಿಮ್ಮ ಜಾಗವನ್ನು ಕೇಳಿ ಪಡೆಯುವುದಿಲ್ಲ. ಕೇಳದಿದ್ದ ಮೇಲೆ ಟ್ರಾಫಿಕ್ ಗೊತ್ತಾಗುವುದಾದರೂ ಹೇಗೆ? ನಿಮ್ಮನ್ನು ಹಿಂಬಾಲಿಸುವುದಿಲ್ಲ ಅನ್ನುವ ಒಳ್ಳೆಯತನ, ಟ್ರಾಫಿಕ್ ಗೊತ್ತಿಲ್ಲ ಅನ್ನುವ ಕೊರತೆ, ಎರಡೂ ಒಂದೇ ಬೇರಿನಿಂದ ಹುಟ್ಟಿದ್ದು. ಇದು ತಲೆಗೆ ಹೋದ ಮೇಲೆ ನನಗೆ ಆಪ್ ಮೇಲೆ ಸಿಟ್ಟು ಬರುವುದು ನಿಂತಿತು.

ನಾನು ಮಾಡುವುದು ಹೀಗೆ. ಸಂಜೆ ಮೇನ್ ರೋಡಿಗೆ ಇಳಿಯುವ ಮುಂಚೆ ಟ್ರಾಫಿಕ್ ಇರುವ ಆಪ್ ನೋಡುತ್ತೇನೆ. ಉಳಿದ ಎಲ್ಲ ಓಡಾಟಕ್ಕೂ, ನಡಿಗೆಗೂ, ಊರಾಚೆಗೂ ಓಪನ್ ಸೋರ್ಸ್ ಆಪ್.

ನೆಟ್ ಇಲ್ಲದೆ ನಿಜವಾಗಲೂ ನಡೆಯುತ್ತದಾ?

ನಡೆಯುತ್ತದೆ. ಇದೇ ಇದರ ದೊಡ್ಡ ಶಕ್ತಿ. ಮನೆಯ ವೈಫೈನಲ್ಲಿ ಒಮ್ಮೆ ಕರ್ನಾಟಕದ ನಕ್ಷೆ ಇಳಿಸಿಕೊಂಡರೆ ಹುಡುಕಾಟ, ದಾರಿ, ತಿರುವು ಎಲ್ಲವೂ ಫೋನಿನೊಳಗೇ ಆಗುತ್ತದೆ. ಜಿಪಿಎಸ್‌ಗೆ ಡೇಟಾ ಬೇಕಿಲ್ಲ. ಅದು ಉಪಗ್ರಹದಿಂದ ನೇರ ಬರುವ ಸಿಗ್ನಲ್. ನೆಟ್ ಇದ್ದರೆ ಮೊದಲ ಸಲ ಜಾಗ ಹಿಡಿಯುವುದು ಬೇಗ ಆಗುತ್ತದೆ. ಇಲ್ಲದಿದ್ದರೆ ಬಯಲಿನಲ್ಲಿ ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ ವ್ಯತ್ಯಾಸ.

ಗೂಗಲ್‌ನಲ್ಲೂ ಆಫ್‌ಲೈನ್ ಇದೆಯಲ್ಲ ಅಂತ ಕೇಳುತ್ತಾರೆ. ಇದೆ. ಆದರೆ ಅಲ್ಲಿ ನೆಟ್ ಇಲ್ಲದಾಗ ನಡಿಗೆಯ ದಾರಿ, ಸೈಕಲ್ ದಾರಿ ಸಿಗುವುದಿಲ್ಲ. ಇಲ್ಲಿ ಸಿಗುತ್ತದೆ. ತಿಂಗಳಿಗೊಮ್ಮೆ ನಕ್ಷೆ ಅಪ್‌ಡೇಟ್ ಮಾಡಲು ಮಾತ್ರ ಮರೆಯಬೇಡಿ. ಮರೆತರೆ ಹೊಸ ಫ್ಲೈಓವರ್ ಆಪ್‌ನಲ್ಲಿ ಇರುವುದಿಲ್ಲ.

ನಮ್ಮ ಮನೆ ವಿಳಾಸ ಹಾಕಿದರೆ ಸಿಗುವುದೇ ಇಲ್ಲ, ಯಾಕೆ?

ಇದು ಎಲ್ಲರ ದೂರು. ನಿಜವಾದ ದೂರೂ ಹೌದು. ನಮ್ಮ ವಿಳಾಸ ಹೇಗಿರುತ್ತದೆ ನೋಡಿ: ನಂಬರ್ 48, 3ನೇ ಕ್ರಾಸ್, 2ನೇ ಮೇನ್, 4ನೇ ಬ್ಲಾಕ್, ಗಣೇಶನ ಗುಡಿ ಹಿಂದೆ. 3ನೇ ಕ್ರಾಸ್ ಜಯನಗರದಲ್ಲೂ ಇದೆ, ರಾಜಾಜಿನಗರದಲ್ಲೂ ಇದೆ, ಪ್ರತಿ ಲೇಔಟಿನಲ್ಲೂ ಇದೆ. ಮನೆ ನಂಬರ್ ನಕ್ಷೆಯಲ್ಲಿ ಬರಬೇಕಾದರೆ ಯಾರಾದರೂ ಆ ಬೀದಿಯಲ್ಲಿ ನಡೆದು ಒಂದೊಂದೇ ಗೇಟು ನೋಡಿ ಹಾಕಬೇಕು. ಹೆಚ್ಚಿನ ಬೀದಿಗಳಲ್ಲಿ ಆ ಕೆಲಸ ಇನ್ನೂ ಆಗಿಲ್ಲ.

ಕಾಗುಣಿತದ ತೊಂದರೆಯೂ ಇದೆ. ಮಲ್ಲೇಶ್ವರ, ಮಲ್ಲೇಶ್ವರಂ ಅಂತ ಬೇರೆ ಬೇರೆಯಾಗಿ ಬರೆದರೂ ದೊಡ್ಡ ಕಂಪನಿಯ ಹುಡುಕಾಟಕ್ಕೆ ಅರ್ಥವಾಗುತ್ತದೆ. ಫೋನಿನೊಳಗಿನ ಹುಡುಕಾಟಕ್ಕೆ ಅಷ್ಟು ಜಾಣತನ ಇಲ್ಲ.

ಪೂರ್ತಿ ವಿಳಾಸ ಹಾಕಬೇಡಿ. ಮೊದಲು ಬಡಾವಣೆ ಹುಡುಕಿ, ಆಮೇಲೆ ಹತ್ತಿರದ ದೇವಸ್ಥಾನ, ಶಾಲೆ, ಪಾರ್ಕ್ ಹುಡುಕಿ. ಆಟೋದವರಿಗೆ ದಾರಿ ಹೇಳುತ್ತೇವಲ್ಲ, ಅದೇ ಕ್ರಮ. ಹೋಗಿಬಂದ ಜಾಗವನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ನನ್ನ ಫೋನಿನಲ್ಲಿ ನೆಂಟರ ಮನೆಗಳೆಲ್ಲ ಹೀಗೇ ಇವೆ.

ಮದುವೆ ಕಾಗದದಲ್ಲಿ ಬರುವ ಕ್ಯೂಆರ್ ಕೋಡ್, ವಾಟ್ಸಾಪ್‌ನಲ್ಲಿ ಬರುವ ಲೊಕೇಶನ್ ತೆರೆಯುತ್ತದಾ?

ಕೆಲವು ತೆರೆಯುತ್ತವೆ, ಕೆಲವು ಇಲ್ಲ. ಚಿಕ್ಕದು ಮಾಡಿದ ಗೂಗಲ್ ಲಿಂಕ್ ಆದರೆ ನೆಟ್ ಇಲ್ಲದೆ ಅದರೊಳಗೆ ಏನಿದೆ ಅಂತ ಆಪ್‌ಗೆ ಗೊತ್ತಾಗಲ್ಲ. ಆಗ ಲಿಂಕನ್ನು ಒಮ್ಮೆ ಗೂಗಲ್ ಮ್ಯಾಪ್‌ನಲ್ಲಿ ತೆರೆದು, ಛತ್ರದ ಮೇಲೆ ಬೆರಳು ಒತ್ತಿಹಿಡಿಯಿರಿ. ಎರಡು ಸಂಖ್ಯೆ ಬರುತ್ತವೆ. ಬೆಂಗಳೂರಾದರೆ ಮೊದಲನೆಯದು 12 ಅಥವಾ 13ರಿಂದ ಶುರುವಾಗುತ್ತದೆ, ಎರಡನೆಯದು 77ರಿಂದ. ಅದನ್ನು ಕಾಪಿ ಮಾಡಿ ಓಪನ್ ಸೋರ್ಸ್ ಆಪ್‌ನ ಹುಡುಕಾಟದಲ್ಲಿ ಹಾಕಿದರೆ ನೇರ ಛತ್ರದ ಬಾಗಿಲಿಗೇ ಬರುತ್ತದೆ. ಪ್ಲಸ್ ಕೋಡ್, ಅಂದರೆ ಜಾಗಕ್ಕೆ ಗೂಗಲ್ ಕೊಡುವ ಅಕ್ಷರ-ಅಂಕಿಯ ಚಿಕ್ಕ ಗುರುತು, ಹಾಕಿದರೂ ನಡೆಯುತ್ತದೆ.

ದಾರಿ ತಪ್ಪಿಸುತ್ತದಾ?

ತಪ್ಪಿಸಿದೆ. ಒಂದು ಸಲದ್ದು ಹೇಳುತ್ತೇನೆ.

ಮಳೆಗಾಲ, ರಾತ್ರಿ ಹತ್ತೂವರೆ. ಚಿಕ್ಕಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಉತ್ತರಹಳ್ಳಿ ಕಡೆ ಹೊರಟಿದ್ದೆ. ಬಾಣಂತಿ ಮಗಳಿಗೆ ಮೆಣಸಿನ ಸಾರು ಮಾಡಿ ಸ್ಟೀಲ್ ಡಬ್ಬಿಗೆ ಹಾಕಿ, ಆರದಿರಲಿ ಅಂತ ಟವೆಲ್ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಆಪ್ ಒಂದು ಲೇಔಟಿನ ಒಳಗಿಂದ ಹತ್ತಿರದ ದಾರಿ ತೋರಿಸಿತು. ಕೊನೆಗೆ ಹೋದರೆ ಕಬ್ಬಿಣದ ಗೇಟು, ಗೇಟಿಗೆ ಸರಪಳಿ, ಸರಪಳಿಗೆ ಬೀಗ. ವಾಚ್‌ಮನ್ ಕೊಡೆ ಹಿಡಿದು ಬಂದು, "ಹತ್ತಕ್ಕೆ ಹಾಕ್ಬಿಡ್ತೀವಿ ಸಾರ್, ಹಿಂದಕ್ಕೆ ಹೋಗಿ ಮೇನ್ ರೋಡ್ ಹಿಡೀರಿ" ಅಂದರು. ಚಿಕ್ಕಮ್ಮ ಏನೂ ಅನ್ನಲಿಲ್ಲ. ಟವೆಲನ್ನು ಬಿಚ್ಚಿ ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಮಾರನೇ ದಿನ ಬೆಳಗ್ಗೆ ಅದೇ ಗೇಟಿನ ಹತ್ತಿರ ಹೋಗಿ ನಿಂತು, ನಕ್ಷೆ ತಿದ್ದುವ ವೆಸ್ಪುಚಿ ಅನ್ನುವ ಆಪ್ ತೆಗೆದು, ರಸ್ತೆಯ ಗೆರೆಯ ಮೇಲೆ ಗೇಟು ಗುರುತು ಮಾಡಿದೆ. ರಾತ್ರಿ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅನ್ನುವುದಕ್ಕೂ ಅದರಲ್ಲಿ ಜಾಗ ಇದೆ. ಎಲ್ಲ ಆಪ್‌ಗಳೂ ಆ ಸಮಯ ನೋಡಿ ದಾರಿ ಬದಲಿಸುವುದಿಲ್ಲ. ಆದರೂ ಅಲ್ಲೊಂದು ಗೇಟು ಇದೆ ಅನ್ನುವುದಾದರೂ ಈಗ ನಕ್ಷೆಯಲ್ಲಿ ಕಾಣುತ್ತದೆ. ಎರಡು ನಿಮಿಷದ ಕೆಲಸ.

ಒನ್‌ವೇ ವಿಷಯದಲ್ಲೂ ಹುಷಾರಾಗಿರಿ. ನಮ್ಮಲ್ಲಿ ಒನ್‌ವೇ ಬದಲಾಗುತ್ತಿರುತ್ತದೆ. ವೈಟ್ ಟಾಪಿಂಗ್, ಮೆಟ್ರೊ ಕೆಲಸ ಅಂತ ರಸ್ತೆಯೇ ಮುಚ್ಚಿರುತ್ತದೆ. ಯಾರಾದರೂ ತಿದ್ದಬೇಕು, ತಿದ್ದಿದ್ದು ನಿಮ್ಮ ಫೋನಿಗೆ ಬರಬೇಕು. ಅಲ್ಲಿಯವರೆಗೆ ರಸ್ತೆಯಲ್ಲಿ ನಿಂತ ಬೋರ್ಡೇ ಸರಿ, ಫೋನಲ್ಲ.

ಬೈಕ್, ಸ್ಕೂಟರ್‌ಗೆ ಬೇರೆ ದಾರಿ ತೋರಿಸುತ್ತದಾ?

ಓಸ್ಮ್ಯಾಂಡ್‌ನಲ್ಲಿ ಮೋಟರ್‌ಸೈಕಲ್ ಪ್ರೊಫೈಲ್ ಇದೆ. ಇನ್ನೆರಡರಲ್ಲಿ ಕಾರು, ನಡಿಗೆ, ಸೈಕಲ್, ಮೆಟ್ರೊ ಇವೆ, ದ್ವಿಚಕ್ರಕ್ಕೆ ಅಂತಲೇ ಬೇರೆ ಇಲ್ಲ. ಗೂಗಲ್ 2017ರ ಡಿಸೆಂಬರಿನಲ್ಲೇ ಭಾರತಕ್ಕೆ ದ್ವಿಚಕ್ರದ ಮೋಡ್ ತಂದಿತ್ತು. ಈ ವಿಷಯದಲ್ಲಿ ನಮ್ಮವು ಹಿಂದೆ.

ಆದರೆ ಓಸ್ಮ್ಯಾಂಡ್‌ನಲ್ಲಿ ನನಗೆ ತುಂಬ ಹಿಡಿಸಿದ್ದು ಒಂದಿದೆ. ನಕ್ಷೆಯಲ್ಲಿ ಹಂಪ್ ಗುರುತು ಇದ್ದರೆ ಮುಂಚೆಯೇ ಎಚ್ಚರಿಸುತ್ತದೆ. ಬಣ್ಣ ಹೋದ ಹಂಪ್, ಬೀದಿದೀಪ ಇಲ್ಲದ ರಸ್ತೆ, ಹಿಂದೆ ಮಗು ಕೂತಿದೆ ಅಂದುಕೊಳ್ಳಿ. ಆ ಒಂದು ಎಚ್ಚರಿಕೆಗೆ ಎಷ್ಟು ಬೆಲೆ ಅಂತ ಸ್ಕೂಟರ್ ಓಡಿಸುವವರಿಗೆ ಗೊತ್ತು. ಹಂಪ್‌ಗಳನ್ನು ಗುರುತು ಮಾಡುವವರೂ ನಮ್ಮಂಥ ಜನರೇ. ನಿಮ್ಮ ಬೀದಿಯದ್ದು ಇಲ್ಲದಿದ್ದರೆ ಹಾಕಿಬಿಡಿ.

ಫ್ಲೈಓವರ್ ಮೇಲಿದ್ದರೆ ಕೆಳಗಿನ ರಸ್ತೆ ತೋರಿಸುತ್ತದೆ, ಯಾಕೆ?

ಇದು ಈ ಆಪ್‌ಗಳ ತಪ್ಪಲ್ಲ. ನಿಂತ ಜಾಗವನ್ನು ಜಿಪಿಎಸ್ ಬಯಲಲ್ಲೇ ಸುಮಾರು 5 ಮೀಟರಿನ ಆಚೀಚೆ ಹಿಡಿಯುತ್ತದೆ, ಕಟ್ಟಡಗಳ ನಡುವೆ ಇನ್ನೂ ಜಾಸ್ತಿ ಆಚೀಚೆ. ಎತ್ತರವನ್ನು ಅಷ್ಟು ನಿಖರವಾಗಿಯೂ ಹೇಳುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆಯಲ್ಲಿ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಯಾವ ಆಪ್‌ಗೂ ಸರಿಯಾಗಿ ಗೊತ್ತಾಗಲ್ಲ. ರಾಗಿಗುಡ್ಡ ಸಿಲ್ಕ್ ಬೋರ್ಡ್ ನಡುವಿನ ಡಬಲ್ ಡೆಕ್ಕರ್‌ನಲ್ಲೂ ಅದೇ ಕತೆ. ಹತ್ತುವ ಮುಂಚೆಯೇ ಎಲ್ಲಿ ಇಳಿಯಬೇಕು ನೋಡಿಕೊಳ್ಳಿ.

ಬಿಎಂಟಿಸಿ ಬಸ್, ಮೆಟ್ರೊ?

ಮೆಟ್ರೊ ಚೆನ್ನಾಗಿದೆ. ಲೈನ್, ಸ್ಟೇಷನ್, ಎಷ್ಟೋ ಕಡೆ ಗೇಟುಗಳೂ ಇವೆ. ಬಸ್‌ಗೆ ಇದನ್ನು ನಂಬಬೇಡಿ. ಸ್ಟಾಪ್‌ಗಳು ಇರುತ್ತವೆ, ಯಾವ ಬಸ್ ಎಷ್ಟು ಹೊತ್ತಿಗೆ ಅನ್ನುವುದು ಇರಲ್ಲ. ಅದಕ್ಕೆ ನಮ್ಮ ಬಿಎಂಟಿಸಿ ಆಪ್ ನೋಡಿ.

ನಡೆದಾಡುವವರಿಗೆ ಏನು ಉಪಯೋಗ?

ನನ್ನ ಪ್ರಕಾರ ಈ ಮ್ಯಾಪ್ ಇರುವುದೇ ನಡೆಯುವವರಿಗೆ. ಲಾಲ್‌ಬಾಗ್ ತೆರೆದು ನೋಡಿ. ಕೆರೆಯ ಸುತ್ತಿನ ದಾರಿ, ಬಂಡೆ ಹತ್ತುವ ಜಾಗ, ಕೆಂಪೇಗೌಡರ ಗೋಪುರ, ಗಾಜಿನ ಮನೆ, ಗೇಟುಗಳು, ಒಳಗಿನ ಸಣ್ಣ ಸಣ್ಣ ಕಾಲುದಾರಿಗಳು ಕೂಡ ಇವೆ. ಅಂಗಡಿ ಜಾಹೀರಾತಿನ ಗುರುತುಗಳು ಕಣ್ಣಿಗೆ ಅಡ್ಡ ಬರುವುದಿಲ್ಲ.

ನಮ್ಮ ಅಪ್ಪನಿಗೆ ಮಂಡಿ ನೋವು. ಬೆಂಚು ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ, ಯಾವ ದಾರಿಯಲ್ಲಿ ಮೆಟ್ಟಿಲಿದೆ ಅಂತ ನೋಡಿಕೊಂಡೇ ಅವರನ್ನು ಕರೆದುಕೊಂಡು ಹೋಗುತ್ತೇನೆ. ಬೆಂಚನ್ನು ಒಂದು ವಸ್ತು ಅಂತ ಗುರುತಿಸುವ ನಕ್ಷೆ ವಯಸ್ಸಾದವರಿಗೆ ದೊಡ್ಡ ಉಪಕಾರ.

ಟ್ರೆಕ್ಕಿಂಗ್‌ಗೆ?

ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಕಡೆ ಹೋಗುವವರು ಇದಿಲ್ಲದೆ ಹೋಗಬೇಡಿ. ಕಾಲುದಾರಿ, ಎತ್ತರದ ಗೆರೆಗಳು, ಮುಂದೆ ಎಷ್ಟು ಏರು ಅನ್ನುವ ಚಿತ್ರ ಎಲ್ಲ ಸಿಗುತ್ತದೆ. ಬೇರೆಯವರು ನಡೆದ ದಾರಿಯನ್ನು ದಾಖಲಿಸಿಟ್ಟ ಜಿಪಿಎಕ್ಸ್ ಫೈಲ್ ಹಾಕಿಕೊಳ್ಳಬಹುದು. ಎಚ್ಚರಿಕೆ ಒಂದೇ: ನಕ್ಷೆಯಲ್ಲಿ ದಾರಿ ಇದೆ ಅಂದ ಮಾತ್ರಕ್ಕೆ ಹೋಗಲು ಅನುಮತಿ ಇದೆ ಅಂತಲ್ಲ. ಕೆಲವು ಬೆಟ್ಟಗಳಿಗೆ ಅರಣ್ಯ ಇಲಾಖೆಯ ಬುಕಿಂಗ್ ಬೇಕು.

ಹೆಸರುಗಳು ಕನ್ನಡದಲ್ಲಿ ಕಾಣುತ್ತವಾ?

ಕಾಣುತ್ತವೆ, ಯಾರಾದರೂ ಬರೆದಿದ್ದರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಜಾಗಕ್ಕೂ ಒಂದೊಂದು ಭಾಷೆಯ ಹೆಸರಿಗೆ ಬೇರೆ ಬೇರೆ ಖಾನೆ ಇದೆ. ಕನ್ನಡಕ್ಕೂ ಇದೆ. ದೊಡ್ಡ ಬಡಾವಣೆ, ಮೆಟ್ರೊ ಸ್ಟೇಷನ್, ಕೆರೆಗಳಿಗೆ ಕನ್ನಡ ಹೆಸರು ಸಿಗುತ್ತದೆ. ಒಳಬೀದಿಗೆ ಹೋದಂತೆ ಖಾಲಿ ಖಾನೆಗಳು ಜಾಸ್ತಿ. ಆ ಹೆಸರು ಇಲ್ಲದಿದ್ದರೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೂ ಸಿಗಲ್ಲ.

ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ ವಿಷಯ. ಕೆರೆಗಳ ಹೆಸರು ಇಂಗ್ಲಿಷಿನ ಮೂಲಕ ಬಂದರೆ ಅಕ್ಷರಗಳೇ ಬದಲಾಗುತ್ತವೆ. ಳ ಹೋಗಿ ಲ ಆಗುತ್ತದೆ, ಣ ಹೋಗಿ ನ ಆಗುತ್ತದೆ. ಯಡಿಯೂರು, ಮಡಿವಾಳ, ಹಲಸೂರು ಅಂತ ಸರಿಯಾಗಿ ಬರೆಯಲು ಬರುವವರು ನಾವೇ ಅಲ್ವಾ? ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾಲ್ಕು ಹೆಸರು ಹಾಕಬಹುದು.

ನನ್ನ ಓಡಾಟ ಯಾರಿಗೂ ಗೊತ್ತಾಗುವುದೇ ಇಲ್ವಾ?

ಈ ಆಪ್‌ಗಳು ಫೋನಿನೊಳಗೇ ದಾರಿ ಲೆಕ್ಕ ಹಾಕುವುದರಿಂದ ಎಲ್ಲಿಂದ ಎಲ್ಲಿಗೆ ಹೋದಿರಿ ಅನ್ನುವುದು ಹೊರಗೆ ಹೋಗುವುದಿಲ್ಲ. ಲಾಗಿನ್ ಬೇಡ. ಆದರೆ ನಿಮ್ಮ ಗೂಗಲ್ ಖಾತೆಯಲ್ಲಿ ಟೈಮ್‌ಲೈನ್ (ಮೊದಲು ಲೊಕೇಶನ್ ಹಿಸ್ಟರಿ ಅನ್ನುತ್ತಿದ್ದರು) ಆನ್ ಇದ್ದರೆ, ಬೇರೆ ಹತ್ತು ಆಪ್‌ಗಳಿಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ, ಅವು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಮ್ಯಾಪ್ ಆಪ್ ಒಂದನ್ನೇ ಬದಲಿಸಿ ಸುಮ್ನೆ ಕೂರಬೇಡಿ, ಸೆಟ್ಟಿಂಗ್ ಕೂಡ ನೋಡಿ.

ತಪ್ಪು ತಿದ್ದುವುದು ಹೇಗೆ?

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಖಾತೆ ತೆರೆಯಿರಿ. ಆರ್ಗ್ಯಾನಿಕ್ ಅಥವಾ ಕೋಮ್ಯಾಪ್ಸ್ ಒಳಗಿಂದಲೇ ಅಂಗಡಿಯ ಹೆಸರು, ತೆರೆಯುವ ಸಮಯ ಹಾಕಬಹುದು. ಆಂಡ್ರಾಯ್ಡ್ ಇದ್ದರೆ ಸ್ಟ್ರೀಟ್‌ಕಂಪ್ಲೀಟ್ ಹಾಕಿಕೊಳ್ಳಿ. ಅದು ನೀವು ನಿಂತ ಬೀದಿಯ ಬಗ್ಗೆ ಸಣ್ಣ ಪ್ರಶ್ನೆ ಕೇಳುತ್ತದೆ: ಈ ರಸ್ತೆ ಡಾಂಬರಾ, ಮಣ್ಣಾ? ದೀಪ ಇದೆಯಾ? ಈ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ? ಉತ್ತರ ಒತ್ತಿದರೆ ಸಾಕು. ನನ್ನ ಅಕ್ಕನ ಮಗಳು ಹಾಲು ತರಲು ಹೋದಾಗಲೇ ಐದಾರು ಉತ್ತರ ಕೊಟ್ಟು ಬರುತ್ತಾಳೆ. ಐಫೋನಿನವರಿಗೆ ಎವೆರಿ ಡೋರ್ ಇದೆ.

ಗೂಗಲ್ ಮ್ಯಾಪ್ಸ್ ನೋಡಿ ಹೆಸರು, ರಸ್ತೆ ನಕಲು ಮಾಡಲೇಬೇಡಿ. ಅದು ಅವರ ಸೊತ್ತು, ನಮ್ಮ ನಕ್ಷೆಯ ಲೈಸೆನ್ಸ್‌ಗೆ ಒಗ್ಗುವುದಿಲ್ಲ. ಕಣ್ಣಾರೆ ನೋಡಿದ್ದನ್ನು ಹಾಕಿ. 1800ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಇದೇ ಬೆಂಗಳೂರಿನ ನೆಲದ ಮೇಲೆ ಸರಪಳಿ ಎಳೆದು ಅಳತೆ ಮಾಡಿಸಿದ್ದ. ನಮಗೆ ಫೋನ್ ಇದೆ, ಎರಡು ಕಾಲಿದೆ.

ಯಾರು ಬೇಕಾದರೂ ತಿದ್ದಬಹುದು ಅಂದರೆ ಯಾರಾದರೂ ಹಾಳು ಮಾಡಿದರೆ?

ಮಾಡುತ್ತಾರೆ, ಅಪರೂಪಕ್ಕೆ. ಬೇಕೆಂದೇ ಹಾಳು ಮಾಡುವವರಿಗಿಂತ ಗೊತ್ತಿಲ್ಲದೆ ತಪ್ಪು ಮಾಡುವವರನ್ನೇ ನಾನು ಹೆಚ್ಚು ನೋಡಿದ್ದೇನೆ. ಪ್ರತಿ ಬದಲಾವಣೆಯೂ ಯಾವ ಖಾತೆಯಿಂದ, ಯಾವಾಗ ಅಂತ ದಾಖಲಾಗುತ್ತದೆ. ಹಿಂದಿನ ಸ್ಥಿತಿಗೆ ತರಬಹುದು.

ಆಪ್ ಮಾಡಿದವರೇ ಕೈಬಿಟ್ಟರೆ ಅಥವಾ ಮಾರಿಬಿಟ್ಟರೆ?

ಇದು ನಡೆದೇ ಇದೆ. ಮ್ಯಾಪ್ಸ್.ಮಿ ಅನ್ನುವ ಆಪ್ ತನ್ನ ಕೋಡನ್ನು 2015ರಲ್ಲಿ ತೆರೆದಿಟ್ಟಿತು. 2020ರಲ್ಲಿ ಅದು ಬೇರೆ ಕಂಪನಿಯ ಕೈಗೆ ಹೋಯಿತು. ಆಗ ಅದನ್ನು ಶುರು ಮಾಡಿದವರಲ್ಲಿ ಕೆಲವರೇ ಹಳೆಯ ಕೋಡ್ ಹಿಡಿದು ಆರ್ಗ್ಯಾನಿಕ್ ಮ್ಯಾಪ್ಸ್ ಕಟ್ಟಿದರು, 2021ರಲ್ಲಿ ಅದು ಜನರ ಕೈಗೆ ಬಂತು. 2025ರಲ್ಲಿ ಆರ್ಗ್ಯಾನಿಕ್‌ನ ಆಡಳಿತದ ಬಗ್ಗೆ ಭಿನ್ನಾಭಿಪ್ರಾಯ ಬಂದು ಕೋಮ್ಯಾಪ್ಸ್ ಬೇರೆಯಾಯಿತು. ಜಗಳ ನೋಡಿ ಬೇಜಾರಾಗುತ್ತದೆ, ನಿಜ. ಆದರೆ ಪ್ರತಿ ಸಲವೂ ಬಳಸುವವರ ಕೈಯಲ್ಲಿ ಒಂದು ಒಳ್ಳೆಯ ಆಪ್ ಉಳಿದಿದೆ. ನಕ್ಷೆಯಂತೂ ಯಾರ ಮನೆಯ ಸೊತ್ತೂ ಅಲ್ಲ.

ದೇಶದ ಗಡಿ ಸರಿಯಾಗಿದೆಯಾ?

ಓಪನ್‌ಸ್ಟ್ರೀಟ್‌ಮ್ಯಾಪ್ ನೆಲದ ಮೇಲೆ ಯಾರ ಹಿಡಿತ ಇದೆ ಅನ್ನುವುದನ್ನು ನೋಡಿ ಗಡಿ ಬಿಡಿಸುತ್ತದೆ. ಕಾಶ್ಮೀರದ ಕಡೆ ಅದು ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದುವುದಿಲ್ಲ. ಜಯನಗರದಲ್ಲಿ ಓಡಾಡುವವರಿಗೆ ಇದರಿಂದ ತೊಂದರೆ ಇಲ್ಲ. ಶಾಲೆಗೆ, ಪುಸ್ತಕಕ್ಕೆ, ವೆಬ್‌ಸೈಟಿಗೆ ಭಾರತದ ನಕ್ಷೆ ಹಾಕುವವರು ಮಾತ್ರ ಸರ್ವೆ ಆಫ್ ಇಂಡಿಯಾದ ಗಡಿಯನ್ನೇ ಬಳಸಿ.

ಬ್ಯಾಟರಿ ಜಾಸ್ತಿ ತಿನ್ನುತ್ತದಾ?

ಹೆಚ್ಚು ತಿನ್ನುವುದು ಪರದೆಯ ಬೆಳಕು. ಅದನ್ನು ತಗ್ಗಿಸಿ. ದೂರ ಹೋಗುವಾಗ ಪವರ್ ಬ್ಯಾಂಕ್ ಇರಲಿ.

ನಮ್ಮ ಬೀದಿ ಕೊನೆಯ ಅಶ್ವತ್ಥಕಟ್ಟೆ ಹಾಕಬಹುದಾ? ಏನು ಹಾಕಬಾರದು?

ಖಂಡಿತ ಹಾಕಿ. ಅಶ್ವತ್ಥಕಟ್ಟೆ, ನಾಗರಕಲ್ಲು, ಹಳೆಯ ಬಾವಿ, ದರ್ಶಿನಿ, ಹೂವಿನ ಅಂಗಡಿ, ಚಪ್ಪಲಿ ಹೊಲಿಯುವವರು ದಿನಾ ಕೂರುವ ಮೂಲೆ, ಇವೆಲ್ಲ ನಮ್ಮ ವಿಳಾಸದ ಭಾಗವೇ. ಒಂದೇ ಕಡೆ ಯಾವಾಗಲೂ ಇರುವಂಥದ್ದಾದರೆ ಸಾಕು. ಮನೆಯಲ್ಲಿ ಯಾರಿದ್ದಾರೆ ಅನ್ನುವ ಹೆಸರು ಹಾಕಬೇಡಿ, ಮನೆ ನಂಬರ್ ಹಾಕಿ. ಹೋಟೆಲಿನ ಊಟ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೆಯುವ ಜಾಗವೂ ಇದಲ್ಲ. ಮೂರು ದಿನದ ಪೆಂಡಾಲ್ ಹಾಕಬೇಡಿ. ಕಡಲೆಕಾಯಿ ಪರಿಷೆಗೆ ಒಮ್ಮೆ ಬಂದುಹೋಗುವ ಅಂಗಡಿಗಳನ್ನೂ ಬೇಡ, ಆದರೆ ಪರಿಷೆ ನಡೆಯುವ ದೊಡ್ಡ ಗಣಪತಿ ಗುಡಿಯ ಮುಂದಿನ ರಸ್ತೆಗೆ ಕನ್ನಡದಲ್ಲಿ ಹೆಸರು ಇದೆಯಾ ಅಂತ ಒಮ್ಮೆ ನೋಡಿ.